ಬಲವಂತದ ಮಾಘಸ್ನಾನಕ್ಕೆ ಹಾಜರಿ ಪುಸ್ತಕ ಯಾಕೆ?



ಜೂನ್ ತಿಂಗಳು ಬಂತು ಅಂದ್ರೆ ನಮ್ಮ ರಾಜ್ಯದ ಮನೆ ಮನೆಯಲ್ಲೂ ಒಂದೇ ಓಡಾಟ. ಸೀಟು, ಫೀಸು, ಹಾಸ್ಟೆಲ್ಲು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೋ. ಅರ್ಜಿಯ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತೆ. ಸಂಸ್ಥೆಯ ಎಲ್ಲ ನಿಯಮಗಳಿಗೆ ಬದ್ಧನಾಗಿರುತ್ತೇನೆ ಅಂತ. ಆ ಸಾಲನ್ನ ಯಾರೂ ಓದಲ್ಲ. ಓದಿದ್ರೂ ಪ್ರಶ್ನೆ ಕೇಳಲ್ಲ. ಸಹಿ ಹಾಕಿ ಕೊಟ್ಟು ಬರ್ತೀವಿ.

ಆ ನಿಯಮಗಳಲ್ಲಿ ಒಂದರ ಬಗ್ಗೆ ಇವತ್ತು ಮಾತಾಡೋಣ. ಪ್ರಾರ್ಥನೆಗೆ ಹಾಜರಾತಿ ಕಡ್ಡಾಯ ಅನ್ನೋ ನಿಯಮ. ಹಾಸ್ಟೆಲ್ಲಿನಲ್ಲಿ ಇರಬಹುದು, ಯುವಜನ ಸಂಘದಲ್ಲಿರಬಹುದು, ಬೇಸಿಗೆ ಶಿಬಿರದಲ್ಲಿರಬಹುದು. ಭಜನೆ ಆಗಬಹುದು, ಚಾಪೆಲ್ ಆಗಬಹುದು, ಸರ್ವಧರ್ಮ ಪ್ರಾರ್ಥನೆಯೇ ಆಗಬಹುದು. ದೇವರನ್ನ ನಂಬದ ಒಬ್ಬ ಹುಡುಗ ಅಥವಾ ಹುಡುಗಿ ಅಲ್ಲಿದ್ರೆ ಏನು ಮಾಡಬೇಕು?

ಈ ಪ್ರಶ್ನೆ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ನಮ್ಮ ವೀಕ್ಷಕರೊಬ್ಬರು ಕಳಿಸಿದ್ದು. ಅವರೊಬ್ಬ ತಾಯಿ. ಮಗಳು ದ್ವಿತೀಯ ಪಿಯುಸಿ. ಊರಿನ ಒಂದು ಯುವಜನ ಸಂಘದಲ್ಲಿ ಎರಡು ವರ್ಷದಿಂದ ಇದ್ದಾಳೆ. ಗಿಡ ನೆಡ್ತಾಳೆ, ಪ್ರಥಮ ಚಿಕಿತ್ಸೆ ಕಲಿತಿದ್ದಾಳೆ, ರಕ್ತದಾನ ಶಿಬಿರದಲ್ಲಿ ದಿನವಿಡೀ ನಿಂತಿದ್ದಾಳೆ. ಭಾನುವಾರದ ಪ್ರಾರ್ಥನೆಗೆ ಮಾತ್ರ ಹೋಗ್ತಿಲ್ಲ. ನಾಯಕರನ್ನ ಕಂಡು ನೇರವಾಗಿ ಹೇಳಿದ್ದಾಳೆ: "ಸರ್, ನನಗೆ ದೇವರಲ್ಲಿ ನಂಬಿಕೆ ಇಲ್ಲ. ಬೇರೆ ಯಾವ ಕೆಲಸ ಕೊಟ್ರೂ ಮಾಡ್ತೀನಿ." ಅದಕ್ಕೆ ಬಂದ ಉತ್ತರ: ಪ್ರಾರ್ಥನೆಯಲ್ಲಿ ಹಾಜರಾತಿ ಇಲ್ಲದಿದ್ರೆ ಸರ್ಟಿಫಿಕೇಟ್ ಇಲ್ಲ.

ಆ ತಾಯಿ ನಾಸ್ತಿಕರಲ್ಲ, ಗಮನಿಸಿ. ಅವರು ಬರೆದ ಮಾತು ಇದು: "ಸರ್, ನಾನು ದಿನಾ ಬೆಳಿಗ್ಗೆ ದೀಪ ಹಚ್ಚದೆ ಕಾಫಿ ಕುಡಿಯೋಳಲ್ಲ. ಮಗಳು ದೇವರನ್ನ ನಂಬಲ್ಲ ಅನ್ನೋದು ನನಗೂ ಬೇಜಾರೇ. ಆದ್ರೆ ಸರ್ಟಿಫಿಕೇಟಿಗೋಸ್ಕರ ಕೈ ಮುಗಿದು ನಾಟಕ ಮಾಡು ಅಂತ ನಾನು ಹೇಗೆ ಹೇಳಲಿ?"

ನೋಡಿ, ಈ ಚರ್ಚೆಯ ತಿರುಳು ಇಲ್ಲೇ ಇದೆ. ದೇವರಿದ್ದಾನೋ ಇಲ್ಲವೋ ಅನ್ನೋ ವಾದ ಇವತ್ತು ಬೇಡ. ಅದು ನಮ್ಮ ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಮುಗಿಯೋದೂ ಇಲ್ಲ. ಮಕ್ಕಳಿಗೆ ನಾವು ಪ್ರಾಮಾಣಿಕತೆ ಕಲಿಸ್ತಿದ್ದೀವಾ, ನಾಟಕ ಕಲಿಸ್ತಿದ್ದೀವಾ? ಪ್ರಶ್ನೆ ಇಷ್ಟೇ.

ಮೊದಲು ಕಾನೂನು ನೋಡೋಣ. ನಮ್ಮ ಸಂವಿಧಾನದ 28ನೇ ವಿಧಿ, ಮೂರನೇ ಉಪವಿಧಿ. ಸರ್ಕಾರದ ಮಾನ್ಯತೆ ಪಡೆದ ಅಥವಾ ಸರ್ಕಾರದ ಅನುದಾನ ಪಡೆಯುವ ಯಾವುದೇ ಶಿಕ್ಷಣ ಸಂಸ್ಥೆಯಲ್ಲಿ ಓದುವ ವ್ಯಕ್ತಿಯನ್ನು ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸುವಂತೆ ಅಥವಾ ಪೂಜೆ ಪ್ರಾರ್ಥನೆಗೆ ಹಾಜರಾಗುವಂತೆ ಒತ್ತಾಯಿಸುವಂತಿಲ್ಲ. ಅದಕ್ಕೆ ಅವನ ಒಪ್ಪಿಗೆ ಬೇಕು. ಅಪ್ರಾಪ್ತನಾಗಿದ್ರೆ ಪೋಷಕರ ಒಪ್ಪಿಗೆ ಬೇಕು. ಸಂಸ್ಥೆಯ ಆವರಣದಲ್ಲಿ ನಡೆಯುವ ಪ್ರಾರ್ಥನೆಗೂ ಇದು ಅನ್ವಯಿಸುತ್ತೆ.

"ಮಾನ್ಯತೆ ಪಡೆದ" ಅನ್ನೋ ಪದ ಗಮನಿಸಿ. ಸರ್ಕಾರಿ ಶಾಲೆ ಮಾತ್ರ ಅಲ್ಲ, ಖಾಸಗಿ ಕಾಲೇಜೂ ಬಂತು. ಇನ್ನೊಂದು ಸೂಕ್ಷ್ಮವೂ ಇದೆ. ಹದಿನಾರು ವರ್ಷದ ಪಿಯುಸಿ ಹುಡುಗನ ಪರವಾಗಿ ಅಪ್ಪ ಸಹಿ ಹಾಕಬಹುದು. ಹದಿನೆಂಟು ತುಂಬಿದ ಡಿಗ್ರಿ ಹುಡುಗನ ಪರವಾಗಿ ಹಾಕುವಂತಿಲ್ಲ. ಅಲ್ಲಿ ಬೇಕಾದ್ದು ಅವನದೇ ಒಪ್ಪಿಗೆ. ಎಷ್ಟು ಹಾಸ್ಟೆಲ್ ವಾರ್ಡನ್‌ಗಳಿಗೆ ಈ ವಿಷಯ ಗೊತ್ತು?

ನಾನು ಇಂಜಿನಿಯರಿಂಗ್ ಓದುವಾಗ ಇದ್ದ ಹಾಸ್ಟೆಲ್ಲಿನಲ್ಲಿ ಗುರುವಾರ ಸಂಜೆ ಭಜನೆ ಇರ್ತಿತ್ತು. ಹಾಲ್‌ನ ಬಾಗಿಲಲ್ಲಿ ಒಂದು ಹಾಜರಿ ಪುಸ್ತಕ. ಮೂರು ವಾರ ತಪ್ಪಿದ್ರೆ ಮನೆಗೆ ಫೋನು. ನನಗೆ ಭಜನೆ ಇಷ್ಟವೇ ಆಗ್ತಿತ್ತು, ಸುಳ್ಳು ಹೇಳಲ್ಲ. ಆದ್ರೆ ಹಿಂದಿನ ಸಾಲಿನ ಕಥೆ ಬೇರೆ. ಒಬ್ಬ ಮೊಬೈಲಲ್ಲಿ ಕ್ರಿಕೆಟ್ ಸ್ಕೋರ್ ನೋಡ್ತಿದ್ದ. ಇನ್ನೊಬ್ಬ ಸರ್ಕ್ಯೂಟ್ಸ್ ನೋಟ್ಸ್ ಮಡಿಲಲ್ಲಿಟ್ಟುಕೊಂಡು ಇಂಟರ್ನಲ್ಸ್‌ಗೆ ಓದ್ತಿದ್ದ. ಮೂರನೆಯವನು ಬಂದೇ ಇರ್ತಿರಲಿಲ್ಲ, ಅವನ ಸಹಿಯನ್ನ ಪಕ್ಕದವನು ಹಾಕ್ತಿದ್ದ. ಪುಸ್ತಕ ನೋಡಿದ್ರೆ ನೂರಕ್ಕೆ ನೂರು ಭಕ್ತಿ!

ಇಂಜಿನಿಯರಿಂಗ್‌ನಲ್ಲಿ ನಮಗೆ ಮೊದಲ ವರ್ಷವೇ ಹೇಳಿಕೊಡ್ತಾರೆ. ಏನನ್ನ ಅಳೀಬೇಕು ಅಂತ ಮೊದಲು ತೀರ್ಮಾನ ಮಾಡು, ಆಮೇಲೆ ಮೀಟರ್ ಆರಿಸು ಅಂತ. ಉಷ್ಣತೆ ಅಳೆಯೋಕೆ ವೋಲ್ಟ್‌ಮೀಟರ್ ಹಿಡಿದ್ರೆ ರೀಡಿಂಗ್ ಏನೋ ಬರುತ್ತೆ, ಅರ್ಥ ಮಾತ್ರ ಇರಲ್ಲ. ಹಾಜರಿ ಪುಸ್ತಕ ಅಳೆಯೋದು ದೇಹ ಎಲ್ಲಿತ್ತು ಅನ್ನೋದನ್ನ. ಮನಸ್ಸು ಎಲ್ಲಿತ್ತು ಅನ್ನೋದನ್ನಲ್ಲ. ನಮ್ಮ ಹಿರಿಯರು ಇದನ್ನ ಎರಡೇ ಪದದಲ್ಲಿ ಹೇಳಿಬಿಟ್ಟಿದ್ದಾರೆ. ಬಲವಂತದ ಮಾಘಸ್ನಾನ. ಚಳಿಯಲ್ಲಿ ಮೈ ನೆನೆಯುತ್ತೆ, ಪುಣ್ಯ ಮಾತ್ರ ಬರಲ್ಲ.

ಈಗ ಮಕ್ಕಳ ಸಂಘಟನೆಗಳ ವಿಷಯಕ್ಕೆ ಬರೋಣ. ಜಗತ್ತಿನಾದ್ಯಂತ ಈ ಜಗಳ ಅತಿ ಹೆಚ್ಚು ನಡೆದಿರೋದು ಸ್ಕೌಟ್ ಚಳವಳಿಯೊಳಗೆ. ಬೇಡನ್ ಪೊವೆಲ್ ಇಂಗ್ಲೆಂಡಿನಲ್ಲಿ ಇದನ್ನ ಶುರು ಮಾಡಿದಾಗ, 1908ರಲ್ಲಿ, ಸ್ಕೌಟ್ ಪ್ರತಿಜ್ಞೆಯಲ್ಲಿ ದೇವರಿಗೂ ರಾಜನಿಗೂ ಕರ್ತವ್ಯ ಸಲ್ಲಿಸುತ್ತೇನೆ ಅನ್ನೋ ಮಾತಿತ್ತು. ಮಾರನೇ ವರ್ಷವೇ ಅದು ಭಾರತಕ್ಕೆ ಬಂತು. ಬಂದಿದ್ದು ಎಲ್ಲಿಗೆ ಗೊತ್ತಾ? ನಮ್ಮ ಬೆಂಗಳೂರಿಗೆ. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಇಲ್ಲಿ ಮೊದಲ ಸ್ಕೌಟ್ ದಳ ಕಟ್ಟಿದರು. ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಭಾರತೀಯ ಹುಡುಗರಿಗೆ ಬಾಗಿಲು ಮುಚ್ಚಿತ್ತು. ಆ ಬಾಗಿಲು ತೆರೆಯಬೇಕು ಅಂತಲೇ ಆನಿ ಬೆಸೆಂಟ್ ಮದರಾಸಿನಲ್ಲಿ ಬೇರೆ ಸ್ಕೌಟ್ ಸಂಘ ಕಟ್ಟಿದ್ದು. ಒಂದು ಮಗುವನ್ನ ಯಾವ ಕಾರಣಕ್ಕೆ ಹೊರಗಿಡಬಹುದು ಅನ್ನೋ ಪ್ರಶ್ನೆ ನಮ್ಮಲ್ಲಿ ಈ ಚಳವಳಿಯಷ್ಟೇ ಹಳೆಯದು.

ಆ ದೇವರು ಅನ್ನೋ ಪದವನ್ನ ಏನು ಮಾಡಬೇಕು? ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕಂಡುಕೊಂಡವು.

ಅಮೆರಿಕದ ಬಾಯ್ ಸ್ಕೌಟ್ಸ್ ನಂಬಿಕೆ ಇಲ್ಲದವರಿಗೆ ಸದಸ್ಯತ್ವ ಇಲ್ಲ ಅಂದಿತು. ಇಬ್ಬರು ಅವಳಿ ಹುಡುಗರು ದೇವರು ಅನ್ನೋ ಪದ ಹೇಳಲ್ಲ ಅಂದ ಪ್ರಕರಣ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತನಕ ಹೋಯ್ತು. 1998ರಲ್ಲಿ ತೀರ್ಪು ಸಂಸ್ಥೆಯ ಪರವಾಗಿಯೇ ಬಂತು. 2002ರಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಯುವಕನನ್ನ, ಅದೂ ಸ್ಕೌಟ್‌ಗಳಲ್ಲೇ ಅತ್ಯುನ್ನತವಾದ ಈಗಲ್ ದರ್ಜೆ ಪಡೆದವನನ್ನ, ನಾಸ್ತಿಕ ಅಂತ ಹೊರಗೆ ಹಾಕಿದರು. ಅದೇ ಅಮೆರಿಕದ ಗರ್ಲ್ ಸ್ಕೌಟ್ಸ್ 1993ರಲ್ಲೇ ಬೇರೆ ದಾರಿ ಹಿಡಿದಿತ್ತು. ದೇವರು ಅನ್ನೋ ಜಾಗದಲ್ಲಿ ನಿನ್ನ ನಂಬಿಕೆಗೆ ಒಪ್ಪುವ ಪದ ಹೇಳಿಕೋ ಮಗಳೇ ಅಂದಿತ್ತು.

ಬ್ರಿಟನ್‌ನಲ್ಲಿ ಗೈಡ್ಸ್ ಸಂಸ್ಥೆ 2013ರಲ್ಲಿ ಪ್ರತಿಜ್ಞೆಯಿಂದ ದೇವರ ಪದವನ್ನೇ ಎಲ್ಲರಿಗೂ ತೆಗೆದುಹಾಕಿತು. ಸ್ಕೌಟ್ಸ್ ಹಾಗೆ ಮಾಡಲಿಲ್ಲ. ಹಳೇ ಪ್ರತಿಜ್ಞೆ ಇದ್ದ ಹಾಗೇ ಇರಲಿ, ನಂಬದವರಿಗೆ ಇನ್ನೊಂದು ಇರಲಿ ಅಂದಿತು. 2014ರ ಜನವರಿಯಿಂದ ಅಲ್ಲಿ ನಂಬಿಕೆ ಇಲ್ಲದ ಮಗು ಸ್ಕೌಟ್ ಮೌಲ್ಯಗಳನ್ನು ಎತ್ತಿಹಿಡಿಯುತ್ತೇನೆ ಅಂತ ಪ್ರತಿಜ್ಞೆ ಮಾಡಬಹುದು. ನನಗೆ ಈ ಎರಡನೇ ದಾರಿ ಹೆಚ್ಚು ಹಿಡಿಸುತ್ತೆ. ನಂಬುವವನ ಬಾಯಿಂದ ದೇವರ ಹೆಸರು ಕಿತ್ತುಕೊಳ್ಳಬೇಡಿ. ನಂಬದವನ ಬಾಯಿಗೆ ತುರುಕಬೇಡಿ.

ನಮ್ಮಲ್ಲಿ? ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಪ್ರತಿಜ್ಞೆಯಲ್ಲಿ ದೇವರು ಅನ್ನೋ ಪದ ಇದೆ. ಆದ್ರೆ ಅದರ ಜೊತೆಗೇ ಒಂದು ಟಿಪ್ಪಣಿಯೂ ಇದೆ. ಬಯಸಿದವರು ದೇವರು ಅನ್ನೋದರ ಬದಲು ಧರ್ಮ ಅನ್ನಬಹುದು ಅಂತ. ಬ್ರಿಟನ್ನಿನವರು ನಾಸ್ತಿಕರಿಗೆ ಪರ್ಯಾಯ ಹುಡುಕುವ ಎಷ್ಟೋ ಮೊದಲೇ ನಮ್ಮ ಹಿರಿಯರು ಒಂದು ಕಿಟಕಿ ತೆರೆದಿಟ್ಟಿದ್ದರು. ಧರ್ಮ ಅನ್ನೋ ಪದ ಕನ್ನಡದಲ್ಲಿ ಎಷ್ಟು ದೊಡ್ಡದು ಯೋಚಿಸಿ. ಸುಡೋದು ಬೆಂಕಿಯ ಧರ್ಮ ಅಂತೀವಿ. ದಾನ ಕೊಡೋನನ್ನ ಧರ್ಮಾತ್ಮ ಅಂತೀವಿ. ನ್ಯಾಯವಾಗಿ ನಡ್ಕೊಂಡ್ರೆ ಧರ್ಮವಾಗಿ ನಡ್ಕೊಂಡ ಅಂತೀವಿ. ದೇವರನ್ನ ನಂಬದ ಹುಡುಗಿಯೂ ತಲೆ ಎತ್ತಿಕೊಂಡು ಈ ಪದ ಹೇಳಬಹುದು. ಕಿಟಕಿ ಇದೆ. ಅದು ಇದೆ ಅಂತ ಮಕ್ಕಳಿಗೆ ಹೇಳೋರು ಬೇಕು, ಅಷ್ಟೇ.

ಇದು ಕೇವಲ ಪದಗಳ ಜಗಳ ಅಂತ ತಳ್ಳಿಹಾಕಬೇಡಿ. ಈ ಸರ್ಟಿಫಿಕೇಟ್‌ಗಳಿಗೆ ಬೆಲೆ ಇದೆ. ರೈಲ್ವೆ ಇಲಾಖೆಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾದಲ್ಲಿ ನೇಮಕಾತಿ ನಡೆಯುತ್ತೆ, ರಾಷ್ಟ್ರಪತಿ ಪುರಸ್ಕಾರ ಪಡೆದವರಿಗೆ ಅಲ್ಲಿ ಅವಕಾಶ ಇದೆ. ಎನ್‌ಸಿಸಿ ಸಿ ಸರ್ಟಿಫಿಕೇಟ್ ಇದ್ದೋರಿಗೆ ಸೇನೆಗೆ ಸೇರುವಾಗ ಅನುಕೂಲ ಇದೆ. ಸಣ್ಣ ಸಂಘದ ಸರ್ಟಿಫಿಕೇಟ್ ಕೂಡ ಬಯೋಡೇಟಾದಲ್ಲಿ ಒಂದು ಸಾಲು. ಬಡವರ ಮನೆ ಮಕ್ಕಳಿಗೆ ಆ ಒಂದು ಸಾಲು ದೊಡ್ಡದು. ಆ ಸಾಲನ್ನ ನಂಬಿಕೆಗೆ ಗಂಟು ಹಾಕಬಹುದಾ?

ಇಲ್ಲಿ ಒಬ್ಬ ದೊಡ್ಡ ಮನುಷ್ಯನನ್ನ ನೆನಪಿಸಿಕೊಳ್ಳಬೇಕು. 1949ರ ಅಕ್ಟೋಬರ್ 17. ಸಂವಿಧಾನ ಸಭೆಯಲ್ಲಿ ಪೀಠಿಕೆಯ ಮೇಲೆ ಚರ್ಚೆ. ಎಚ್.ವಿ. ಕಾಮತ್ ಎದ್ದು ನಿಂತರು. ಮಂಗಳೂರಿನಲ್ಲಿ ಹುಟ್ಟಿದವರು, ಐಸಿಎಸ್ ನೌಕರಿ ಬಿಟ್ಟು ಸುಭಾಷ್ ಚಂದ್ರ ಬೋಸರ ಫಾರ್ವರ್ಡ್ ಬ್ಲಾಕ್ ಸೇರಿದವರು. ಪೀಠಿಕೆ ದೇವರ ಹೆಸರಿನಲ್ಲಿ ಶುರುವಾಗಲಿ ಅಂತ ಅವರ ತಿದ್ದುಪಡಿ. ಕಾಮಾಖ್ಯಾ ದೇವಿಯ ನಾಡಿನಿಂದ ಬಂದಿದ್ದ ರೋಹಿಣಿ ಕುಮಾರ್ ಚೌಧರಿ, ಹಾಗಾದ್ರೆ ದೇವಿಯ ಹೆಸರೂ ಸೇರಲಿ ಅಂದರು! ನೋಡಿ, ಯಾವ ದೇವರು ಅನ್ನೋ ಪ್ರಶ್ನೆ ಐದೇ ನಿಮಿಷದಲ್ಲಿ ಬಂತು. ಆಗ ವಿರೋಧಿಸಿ ಮಾತಾಡಿದವರಲ್ಲಿ ಒಬ್ಬರು ಪಂಡಿತ್ ಹೃದಯನಾಥ ಕುಂಜ್ರು. ಅವರ ವಾದದ ಸಾರಾಂಶ ಇಷ್ಟು: ಇದು ಪ್ರತಿಯೊಬ್ಬ ಮನುಷ್ಯನ ಒಳಗಿನ, ಪವಿತ್ರವಾದ ವಿಷಯ. ಇಂಥದ್ದರಲ್ಲಿ ಸಮೂಹದ ಅಭಿಪ್ರಾಯವನ್ನ ಯಾರ ಮೇಲೂ ಹೇರಬಾರದು. ಮತಕ್ಕೆ ಹಾಕಿದಾಗ ಕಾಮತರ ಪರ 41, ವಿರುದ್ಧ 68. ತಿದ್ದುಪಡಿ ಬಿದ್ದುಹೋಯ್ತು. ಸೋಲಿಸಿದವರೆಲ್ಲ ನಾಸ್ತಿಕರಾಗಿರಲಿಲ್ಲ. ದೇವರನ್ನ ನಂಬುವವರೇ ದೇವರನ್ನ ವೋಟಿಗೆ ಹಾಕೋದು ಬೇಡ ಅಂದಿದ್ದರು.

ಈಗ ಕೇಳಿ. ಈ ಕುಂಜ್ರು ಯಾರು? ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ಮೊದಲ ರಾಷ್ಟ್ರೀಯ ಆಯುಕ್ತರು. ಅಷ್ಟೇ ಅಲ್ಲ, ಎನ್‌ಸಿಸಿ ಹುಟ್ಟಿದ್ದು ಇವರ ಅಧ್ಯಕ್ಷತೆಯ ಸಮಿತಿಯ ವರದಿಯಿಂದ. ನಮ್ಮ ದೇಶದ ಎರಡು ಅತಿ ದೊಡ್ಡ ಮಕ್ಕಳ ಸಂಘಟನೆಗಳ ಹಿಂದೆ ಇದ್ದ ಮನುಷ್ಯ, ನಂಬಿಕೆಯನ್ನ ಹೇರಬಾರದು ಅಂತ ಸಂವಿಧಾನ ಸಭೆಯಲ್ಲಿ ನಿಂತು ಹೇಳಿದವರು. ಎನ್‌ಸಿಸಿ ಪ್ರತಿಜ್ಞೆ ಓದಿ ನೋಡಿ. ದೇಶದ ಏಕತೆ ಇದೆ, ಶಿಸ್ತು ಇದೆ, ಸೇವೆ ಇದೆ. ದೇವರ ಹೆಸರಿಲ್ಲ. ಅದರಿಂದ ಎನ್‌ಸಿಸಿ ಮಕ್ಕಳ ಶಿಸ್ತಿಗೆ ಏನಾದ್ರೂ ಕೊರತೆ ಆಗಿದೆಯಾ?

ಇನ್ನು ವಿಧಾನಸೌಧಕ್ಕೆ ಬನ್ನಿ. ಮಂತ್ರಿಗಳು ಪ್ರಮಾಣವಚನ ತಗೊಳ್ಳುವಾಗ ದೇವರ ಹೆಸರಿನಲ್ಲಿ ಅನ್ನಬಹುದು, ಇಲ್ಲವೇ ದೇವರ ಹೆಸರಿಲ್ಲದೆ ದೃಢೀಕರಿಸಬಹುದು. ಸಂವಿಧಾನದ ಮೂರನೇ ಅನುಸೂಚಿಯಲ್ಲೇ ಎರಡೂ ಇದೆ. ಇಡೀ ರಾಜ್ಯ ನಡೆಸೋ ಮಂತ್ರಿಗೆ ಆಯ್ಕೆ ಇದೆ. ಗಿಡ ನೆಡೋ ಹುಡುಗಿಗೆ ಇಲ್ಲ ಅಂದ್ರೆ ಹೇಗೆ ಸ್ವಾಮಿ?

ಸರಿ, ಎದುರು ವಾದವನ್ನೂ ಕೇಳೋಣ. ಒಂದು ಪಕ್ಷದ ಮಾತು ಕೇಳಿ ತೀರ್ಪು ಕೊಡೋದು ಧರ್ಮವಲ್ಲ.

ಮೊದಲ ವಾದ. ಇಷ್ಟ ಇಲ್ಲದಿದ್ರೆ ಸೇರಬೇಡ, ಯಾರು ಕರೆದರು? ಇದರಲ್ಲಿ ಅರ್ಧ ಸತ್ಯ ಇದೆ. ಒಂದು ಚರ್ಚಿನ ಯುವಕರ ಕೂಟ, ಒಂದು ಭಜನಾ ಮಂಡಳಿ, ಒಂದು ಮಸೀದಿಯ ಯುವಕ ಸಂಘ, ಇವುಗಳ ಉದ್ದೇಶವೇ ಧರ್ಮ. ಅಲ್ಲಿಗೆ ಹೋಗಿ ನನಗೆ ಪ್ರಾರ್ಥನೆ ಬೇಡ ಅನ್ನೋದು, ಈಜುಕೊಳಕ್ಕೆ ಹೋಗಿ ನೀರು ಬೇಡ ಅಂದಂಗೆ. ಅವರಿಗೆ ಅವರ ನಿಯಮ ಮಾಡಿಕೊಳ್ಳುವ ಹಕ್ಕನ್ನ ಸಂವಿಧಾನದ 26ನೇ ವಿಧಿಯೇ ಕೊಟ್ಟಿದೆ. ಆದ್ರೆ ಎಲ್ಲರಿಗೂ ಮುಕ್ತ ಅಂತ ಬೋರ್ಡ್ ಹಾಕಿ, ಶಾಲೆಗಳ ಮೂಲಕ ಮಕ್ಕಳನ್ನ ಸೇರಿಸಿಕೊಂಡು, ಸೇವೆಗೆ ಸರ್ಟಿಫಿಕೇಟ್ ಕೊಡ್ತೀವಿ ಅಂದವರು ಆಮೇಲೆ ಪ್ರಾರ್ಥನೆಯ ಶರತ್ತು ಹಾಕಿದ್ರೆ ಅದು ಬೇರೆ ಮಾತು. ಬೋರ್ಡಿನಲ್ಲಿ ಬರೆದದ್ದೇ ಒಳಗೂ ಇರಬೇಕು.

ಎರಡನೇ ವಾದ. ಮಠಗಳು ಉಚಿತವಾಗಿ ಅನ್ನ, ಅಕ್ಷರ ಕೊಡ್ತವೆ, ಪ್ರಾರ್ಥನೆಗೆ ಕೂರೋಕೆ ಏನು ಕಷ್ಟ? ತುಮಕೂರಿನ ಸಿದ್ಧಗಂಗೆಯನ್ನೇ ತಗೊಳ್ಳಿ. ಸಾವಿರಾರು ಮಕ್ಕಳು, ಜಾತಿ ಕೇಳಲ್ಲ, ಧರ್ಮ ಕೇಳಲ್ಲ. ಅಲ್ಲಿನ ಸಾಮೂಹಿಕ ಪ್ರಾರ್ಥನೆ ನೋಡಿದವರು ಅದನ್ನ ಮರೆಯಲ್ಲ. ಈ ಋಣ ಕರ್ನಾಟಕ ತೀರಿಸೋಕಾಗಲ್ಲ, ಅದರಲ್ಲಿ ಎರಡು ಮಾತಿಲ್ಲ. ಪೋಷಕರು ಗೊತ್ತಿದ್ದೇ, ಒಪ್ಪಿಯೇ ಕಳಿಸ್ತಾರೆ. ಸಂವಿಧಾನ ಕೇಳೋದೂ ಆ ಒಪ್ಪಿಗೆಯನ್ನೇ. ನಾನು ಹೇಳ್ತಿರೋದು ಮಠದ ಪ್ರಾರ್ಥನೆ ನಿಲ್ಲಬೇಕು ಅಂತಲ್ಲ. ಯಾವುದೇ ಸಂಸ್ಥೆಯಲ್ಲಿ ಬೆಳೆದ ಹುಡುಗನೊಬ್ಬ ವಿನಯದಿಂದ ಬಂದು, ನನಗೆ ಈ ನಂಬಿಕೆ ಬರ್ತಿಲ್ಲ ಅಂದ್ರೆ, ಅವನ ಊಟದ ತಟ್ಟೆಗೂ ಆ ಮಾತಿಗೂ ಸಂಬಂಧ ಕಟ್ಟಬೇಡಿ ಅಂತ ಮಾತ್ರ.

ಮೂರನೇ ವಾದ. ಸೇನೆಯಲ್ಲಿ ಹೇಗೆ? ತನ್ನ ದಳದ ಧಾರ್ಮಿಕ ಪೆರೇಡ್‌ನಲ್ಲಿ ಗರ್ಭಗುಡಿಯೊಳಗೆ ಬರಲ್ಲ ಅಂದ ಅಧಿಕಾರಿಯ ವಜಾವನ್ನ ದೆಹಲಿ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ ಕೂಡ ಮಧ್ಯೆ ಬರಲಿಲ್ಲ ಅಲ್ವಾ? ನಿಜ. ಆದ್ರೆ ಅವರು ಯುದ್ಧಕ್ಕೆ ಸೈನಿಕರನ್ನ ಕರೆದೊಯ್ಯುವ ಅಧಿಕಾರಿ. ಸಶಸ್ತ್ರ ಪಡೆಗಳಲ್ಲಿ ಮೂಲಭೂತ ಹಕ್ಕುಗಳನ್ನ ಸಂಸತ್ತು ಮಿತಿಗೊಳಿಸಬಹುದು ಅಂತ 33ನೇ ವಿಧಿ ಹೇಳುತ್ತೆ. ಬೇಸಿಗೆ ಶಿಬಿರ ರೆಜಿಮೆಂಟ್ ಅಲ್ಲ. ಹದಿನೇಳರ ಹುಡುಗಿ ಸೈನ್ಯಾಧಿಕಾರಿ ಅಲ್ಲ.

ನಾಲ್ಕನೇ ವಾದವೇ ಗಟ್ಟಿಯಾದದ್ದು. ಹತ್ತು ನಿಮಿಷ ಸುಮ್ಮನೆ ಕೂತ್ರೆ ಗಂಟು ಹೋಗುತ್ತಾ? ಹೋಗಲ್ಲ. ಸುಮ್ಮನೆ ಕೂರೋದಕ್ಕೆ ಬಹಳ ಮಕ್ಕಳ ತಕರಾರೂ ಇಲ್ಲ. ಕೇರಳದ ಮೂವರು ಮಕ್ಕಳ ಪ್ರಕರಣ ನೆನಪಿರಬಹುದು. 1985ರಲ್ಲಿ ರಾಷ್ಟ್ರಗೀತೆ ಹಾಡಲಿಲ್ಲ ಅಂತ ಶಾಲೆಯಿಂದ ಹೊರಗೆ ಹಾಕಿದರು. ಅವರು ಗೌರವದಿಂದ ಎದ್ದು ನಿಲ್ತಿದ್ದರು, ಹಾಡ್ತಿರಲಿಲ್ಲ, ಯಾಕಂದ್ರೆ ಅವರ ಕ್ರೈಸ್ತ ಪಂಥದ ನಂಬಿಕೆ ಬಿಡ್ತಿರಲಿಲ್ಲ. 1986ರಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ಪೀಠ, ಎದ್ದು ನಿಂತದ್ದೇ ಗೌರವ, ಹಾಡಲೇಬೇಕು ಅಂತ ಒತ್ತಾಯಿಸಲಾಗದು, ಮಕ್ಕಳನ್ನ ವಾಪಸ್ ಸೇರಿಸಿಕೊಳ್ಳಿ ಅಂತ ತೀರ್ಪು ಕೊಟ್ಟಿತು.

ಈ ತೀರ್ಪಿನಲ್ಲಿ ಎರಡೂ ಕಡೆಗೆ ಪಾಠ ಇದೆ. ನಂಬದ ಮಕ್ಕಳಿಗೆ ಪಾಠ: ಬೇರೆಯವರು ಕಣ್ಣು ಮುಚ್ಚಿ ಕೂತಾಗ ಪಕ್ಕದಲ್ಲಿ ಕೂತು ನಗಬೇಡಿ, ಗೇಲಿ ಮಾಡಬೇಡಿ. ಮೌನ ನಿಮ್ಮ ಮರ್ಯಾದೆ. ಸಂಘಟಕರಿಗೆ ಪಾಠ: ಮೌನಕ್ಕೆ ಒಪ್ಪಿದ ಮಗುವನ್ನ ಕೈ ಮುಗಿ, ತುಟಿ ಆಡಿಸು ಅಂತ ಹಿಂಸಿಸಬೇಡಿ. ಆ ಮೂವರು ನಾಸ್ತಿಕರಲ್ಲ, ಅಪ್ಪಟ ಆಸ್ತಿಕರು ಅನ್ನೋದನ್ನೂ ಮರೀಬೇಡಿ. ಇವತ್ತು ನಂಬದ ಹುಡುಗಿಯನ್ನ ಕಾಯುವ ನಿಯಮವೇ ನಾಳೆ ಬೇರೆ ಧರ್ಮದವರ ಹಾಸ್ಟೆಲ್ಲಿನಲ್ಲಿರೋ ನಿಮ್ಮ ಮಗನನ್ನ ಕಾಯೋದು.

ನಮ್ಮ ನಾಡಿನಲ್ಲೇ ಎಚ್. ನರಸಿಂಹಯ್ಯ ಅಂತ ಒಬ್ಬರಿದ್ದರು. ನಮ್ಮ ಎಚ್ಚೆನ್. ಭೌತಶಾಸ್ತ್ರದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, ಖಾದಿಧಾರಿ ಗಾಂಧಿವಾದಿ. ಪವಾಡಗಳನ್ನ ಪರೀಕ್ಷಿಸೋಕೆ ಸಮಿತಿ ಮಾಡಿದ ವಿಚಾರವಾದಿ. ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯಲ್ಲೇ ಬದುಕು ಕಳೆದರು. ಪ್ರಶ್ನೆ ಕೇಳೋದು ಮತ್ತು ಶಿಸ್ತಿನಿಂದ ಬದುಕೋದು ಒಟ್ಟಿಗೆ ಸಾಧ್ಯ ಅನ್ನೋದಕ್ಕೆ ಅವರಿಗಿಂತ ಸಾಕ್ಷಿ ಬೇಕಾ? ಗಾಂಧೀಜಿಯವರೂ 1931ರ ಹೊತ್ತಿಗೆ ದೇವರೇ ಸತ್ಯ ಅನ್ನೋದನ್ನ ತಿರುಗಿಸಿ ಸತ್ಯವೇ ದೇವರು ಅಂದರು. ದೇವರನ್ನ ಒಪ್ಪದವನೂ ಸತ್ಯವನ್ನ ಅಲ್ಲಗಳೆಯಲಾರ ಅನ್ನೋದು ಅವರ ಲೆಕ್ಕ. ದಿನಾ ಸಂಜೆ ತಪ್ಪದೆ ಪ್ರಾರ್ಥನೆ ಮಾಡಿದ ಮನುಷ್ಯ ನಾಸ್ತಿಕನಿಗೂ ಚಾಪೆ ಹಾಸಿದ್ದು ಹೀಗೆ.

ಹಾಗಾದ್ರೆ ಏನು ಮಾಡಬೇಕು? ಖರ್ಚಿಲ್ಲದ ಮೂರು ಕೆಲಸ ಹೇಳ್ತೀನಿ.

ಒಂದು. ಅರ್ಜಿಯಲ್ಲೇ ಒಂದು ಕಾಲಂ ಇಡಿ. ನಮ್ಮಲ್ಲಿ ಇಂಥ ಪ್ರಾರ್ಥನೆ ಇರುತ್ತೆ, ಭಾಗವಹಿಸಲು ಒಪ್ಪಿಗೆ ಇದೆಯೇ, ಇಲ್ಲವೇ? ಇಲ್ಲ ಅನ್ನೋ ಟಿಕ್ಕಿಗೂ ಜಾಗ ಇರಲಿ.

ಎರಡು. ಇಲ್ಲ ಅಂದ ಮಗುವಿಗೆ ಅದೇ ಹೊತ್ತಿನಲ್ಲಿ ಒಂದು ಗೌರವದ ಕೆಲಸ ಕೊಡಿ. ಊಟದ ಎಲೆ ಹಾಕಲಿ, ಗಿಡಕ್ಕೆ ನೀರು ಹಾಕಲಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಸರಿಮಾಡಲಿ. ಶಿಕ್ಷೆ ಅನ್ನಿಸಬಾರದು, ನುಣುಚಿಕೊಂಡ ಅಂತಲೂ ಅನ್ನಿಸಬಾರದು. ಆಗ ಸೋಮಾರಿತನಕ್ಕೆ ನಾಸ್ತಿಕ ಅನ್ನೋರು ಯಾರು, ನಿಜವಾಗಿ ನಂಬದವರು ಯಾರು ಅಂತ ಮೂರೇ ದಿನದಲ್ಲಿ ನಿಮಗೇ ಗೊತ್ತಾಗುತ್ತೆ.

ಮೂರು. ಹಾಜರಿ ಪುಸ್ತಕ ಬೇಕಾ? ಇಟ್ಕೊಳ್ಳಿ. ಸೇವೆಗೆ ಹಾಜರಿ ತಗೊಳ್ಳಿ, ಸಮಯಪಾಲನೆಗೆ ತಗೊಳ್ಳಿ, ಕಲಿತ ವಿದ್ಯೆಗೆ ಪರೀಕ್ಷೆ ಇಡಿ. ದೇವರ ಮುಂದೆ ಹಾಜರಿ ಹಾಕೋ ಕೆಲಸವನ್ನ ದೇವರಿಗೇ ಬಿಡಿ.

ಕೊನೆಯದಾಗಿ ಸಂಘಟಕರಿಗೆ ಒಂದು ಮಾತು. ಸುಳ್ಳು ಹೇಳಿ ಸರ್ಟಿಫಿಕೇಟ್ ತಗೊಳ್ಳೋದು ಬಹಳ ಸುಲಭ ಇತ್ತು. ಹಿಂದಿನ ಸಾಲಿನಲ್ಲಿ ಕೂತು ಕೈ ಮುಗಿದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆ ಹುಡುಗಿ ಹಾಗೆ ಮಾಡಲಿಲ್ಲ. ನಷ್ಟ ಆಗುತ್ತೆ ಅಂತ ಗೊತ್ತಿದ್ದೂ ನಿಜ ಹೇಳಿದಳು. ಯಾವ ಗುಣ ಬೆಳೆಸೋಕೆ ನೀವು ಸಂಘ ಕಟ್ಟಿದ್ರೋ ಆ ಗುಣ ನಿಮ್ಮ ಎದುರಿಗೇ ಬಂದು ನಿಂತಿದೆ. ಅದಕ್ಕೆ ಗೈರುಹಾಜರಿ ಹಾಕಬೇಡಿ.

ನೀವೇನಂತೀರಿ? ಯೋಚನೆ ಮಾಡಿ. ಮನೆಯಲ್ಲಿ ಮಕ್ಕಳನ್ನೂ ಒಂದು ಮಾತು ಕೇಳಿ.